ಈವ್ ಆನ್‌ಲೈನ್: ಹೊಸ ಆಟಗಾರರಿಗೆ ಪ್ರವೇಶಿಕೆ

ಈವ್ ಆನ್‌ಲೈನ್ ಎಂಬುದು ಐಸ್‌ಲ್ಯಾಂಡ್ ದೇಶದ ಸಿಸಿಪಿ ಗೇಮ್ಸ್ ಸಂಸ್ಥೆಯು ರೂಪಿಸಿ ನಡೆಸುತ್ತಿರುವ, ಬಾಹ್ಯಾಕಾಶವನ್ನು ಹಿನ್ನೆಲೆಯಾಗಿ ಹೊಂದಿರುವ ಕಂಪ್ಯೂಟರ್ ಆಟ. ಅಂತರಜಾಲದ ಮೂಲಕ ಸಾವಿರಾರು ಜನರು ಒಂದೇ ಕಲ್ಪಿತ ಲೋಕದಲ್ಲಿ ಏಕಕಾಲಕ್ಕೆ ಬೇರೆ ಬೇರೆ ಪಾತ್ರಗಳನ್ನು ಧರಿಸಿ ಆಡುವ ಆಟಗಳ ವರ್ಗಕ್ಕೆ ಇದು ಸೇರುತ್ತದೆ. 2003ರ ಮೇ 6ರಂದು ಬಿಡುಗಡೆಯಾದ ಈ ಆಟವು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಕಲಿಯಲು ಕಠಿಣವಾದ ಆಟವೆಂದು ಇದು ಹೆಸರಾಗಿದೆ. ಪರದೆಯ ಮೇಲೆ ಕಾಣುವ ಗುಂಡಿಗಳೂ ಪಟ್ಟಿಗಳೂ ಹೊಸಬರನ್ನು ಮೊದಲಿಗೆ ಕಂಗೆಡಿಸಬಹುದು. ಆದರೆ ಅವರನ್ನು ನಿಜವಾಗಿ ಪರೀಕ್ಷಿಸುವುದು ಕಳೆದುಕೊಂಡ ವಸ್ತು ಮರಳಿ ಬಾರದು ಎಂಬ ಆಟದ ಮೂಲನಿಯಮ. ಈ ನಿಯಮವನ್ನು ಮೊದಲೇ ಅರಿತು, ನಷ್ಟವನ್ನು ಲೆಕ್ಕಕ್ಕೆ ಹಿಡಿದು ಆಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಸಿಸಿಪಿ ಸಂಸ್ಥೆಯು 1997ರಲ್ಲಿ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಸ್ಥಾಪನೆಯಾಯಿತು. ಆಟದ ನಿರ್ಮಾಣಕ್ಕೆ ಬೇಕಾದ ಬಂಡವಾಳವನ್ನು ಕೂಡಿಸಲು ಸಂಸ್ಥೆಯು 1998ರಲ್ಲಿ ಮೇಜಿನ ಮೇಲೆ ಆಡುವ ಒಂದು ಹಲಗೆಯಾಟವನ್ನು ಐಸ್‌ಲ್ಯಾಂಡಿನಲ್ಲಿ ಪ್ರಕಟಿಸಿತು. ಅದರ ಹೆಸರಿನ ಅರ್ಥ 'ಅಪಾಯದ ಆಟ'. 2018ರಲ್ಲಿ ದಕ್ಷಿಣ ಕೊರಿಯಾದ ಪರ್ಲ್ ಅಬಿಸ್ ಸಂಸ್ಥೆಯು ಸಿಸಿಪಿಯನ್ನು ಕೊಂಡುಕೊಂಡಿತು.

ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯವು 2012ರಲ್ಲಿ ತನ್ನ ಸಂಗ್ರಹಕ್ಕೆ ಮೊದಲ ಬಾರಿಗೆ ಸೇರಿಸಿಕೊಂಡ 14 ವಿಡಿಯೊ ಆಟಗಳಲ್ಲಿ ಈವ್ ಆನ್‌ಲೈನ್ ಸಹ ಒಂದು. ಆಟದೊಳಗಿನ ಮಾರುಕಟ್ಟೆಯನ್ನು ಅಧ್ಯಯನ ಮಾಡಲು ಸಂಸ್ಥೆಯು 2007ರಲ್ಲಿ ಎಯೋಲ್ಫುರ್ ಗುಡ್ಮುಂಡ್‌ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ನೇಮಿಸಿಕೊಂಡಿತು. 2008ರಿಂದ ಆಟಗಾರರು ಮತದಾನದ ಮೂಲಕ ತಮ್ಮ ಪ್ರತಿನಿಧಿಗಳ ಮಂಡಳಿಯೊಂದನ್ನು ಆರಿಸುತ್ತ ಬಂದಿದ್ದಾರೆ. ಆಟದ ಬದಲಾವಣೆಗಳ ಕುರಿತು ಈ ಮಂಡಳಿಯು ಸಂಸ್ಥೆಗೆ ಸಲಹೆ ನೀಡುತ್ತದೆ.

ಆಟದ ಸ್ವರೂಪ

ಈ ಆಟದ ಲೋಕದ ಹೆಸರು ನ್ಯೂ ಈಡನ್. ಇದರಲ್ಲಿ ಏಳು ಸಾವಿರಕ್ಕೂ ಹೆಚ್ಚು ನಕ್ಷತ್ರ ವ್ಯವಸ್ಥೆಗಳಿವೆ. ಚೀನಾದಲ್ಲಿ ಪ್ರತ್ಯೇಕವಾಗಿ ನಡೆಯುವ ಆವೃತ್ತಿಯನ್ನು ಬಿಟ್ಟರೆ, ಪ್ರಪಂಚದ ಎಲ್ಲ ಆಟಗಾರರೂ ಟ್ರಾಂಕ್ವಿಲಿಟಿ ಎಂಬ ಒಂದೇ ಸರ್ವರ್‌ನಲ್ಲಿ ಆಡುತ್ತಾರೆ. ಆದುದರಿಂದ ಬೆಂಗಳೂರಿನಲ್ಲಿ ಕುಳಿತು ಆಡುವವರೂ ಬರ್ಲಿನ್‌ನಲ್ಲಿ ಕುಳಿತು ಆಡುವವರೂ ಒಂದೇ ಮಾರುಕಟ್ಟೆಯಲ್ಲಿ ಕೊಳ್ಳುತ್ತಾರೆ, ಒಂದೇ ರಣರಂಗದಲ್ಲಿ ಎದುರಾಗುತ್ತಾರೆ. ಆಟದ ಗಡಿಯಾರವು ಜಾಗತಿಕ ಪ್ರಮಾಣಿತ ಕಾಲವನ್ನು ಅನುಸರಿಸುತ್ತದೆ. ಪ್ರತಿದಿನ ಆ ಗಡಿಯಾರದ 11 ಗಂಟೆಗೆ, ಅಂದರೆ ಭಾರತೀಯ ಕಾಲಮಾನದ ಸಂಜೆ 4:30ಕ್ಕೆ, ನಿರ್ವಹಣೆಗಾಗಿ ಸರ್ವರ್ ಸ್ವಲ್ಪ ಹೊತ್ತು ಸ್ಥಗಿತಗೊಳ್ಳುತ್ತದೆ. ಆಟವು ಕನ್ನಡದಲ್ಲಿ ಲಭ್ಯವಿಲ್ಲ. ಭಾರತದ ಆಟಗಾರರು ಸಾಮಾನ್ಯವಾಗಿ ಇಂಗ್ಲಿಷ್ ಆವೃತ್ತಿಯನ್ನು ಬಳಸುತ್ತಾರೆ.

ಆಟಗಾರನು ಅಮಾರ್, ಕಾಲ್ದಾರಿ, ಗ್ಯಾಲೆಂಟೆ ಮತ್ತು ಮಿನ್ಮತಾರ್ ಎಂಬ ನಾಲ್ಕು ಜನಾಂಗಗಳಲ್ಲಿ ಒಂದನ್ನು ಆರಿಸಿಕೊಂಡು ವ್ಯೋಮನೌಕೆಯ ಚಾಲಕನಾಗುತ್ತಾನೆ. ಈ ಆಯ್ಕೆಯಿಂದ ಮುಂದಿನ ದಾರಿ ಮುಚ್ಚಿಹೋಗುವುದಿಲ್ಲ. ತಕ್ಕ ಕೌಶಲವನ್ನು ಕಲಿತರೆ ಯಾವ ಜನಾಂಗದ ನೌಕೆಯನ್ನಾದರೂ ನಡೆಸಬಹುದು. ಆಟಕ್ಕೆ ನಿಗದಿತವಾದ ಅಂತ್ಯವೂ ಇಲ್ಲ, ಎಲ್ಲರೂ ತಲುಪಲೇಬೇಕಾದ ಗುರಿಯೂ ಇಲ್ಲ. ಕ್ಷುದ್ರಗ್ರಹಗಳಿಂದ ಅದಿರು ತೆಗೆಯುವುದು, ನೌಕೆಗಳನ್ನು ನಿರ್ಮಿಸುವುದು, ವ್ಯಾಪಾರ, ಸಾಗಣೆ, ಅನ್ವೇಷಣೆ, ಕಡಲ್ಗಳ್ಳರ ಮಾದರಿಯ ಲೂಟಿ, ಯುದ್ಧ, ರಾಜತಂತ್ರ, ಗೂಢಚರ್ಯೆ ಇವೆಲ್ಲವೂ ಇಲ್ಲಿ ಜೀವನೋಪಾಯಗಳೇ. ಆಟದ ನಾಣ್ಯದ ಹೆಸರು ಐಎಸ್‌ಕೆ. ಐಸ್‌ಲ್ಯಾಂಡಿನ ನಿಜವಾದ ನಾಣ್ಯ ಕ್ರೋನಾದ ಅಂತರರಾಷ್ಟ್ರೀಯ ಸಂಕೇತವೂ ಇದೇ ಆಗಿದೆ.

ನಷ್ಟದ ನಿಯಮ

ಅನೇಕ ಆನ್‌ಲೈನ್ ಆಟಗಳಲ್ಲಿ ಪಾತ್ರವು ಸತ್ತರೆ ಕ್ಷಣಕಾಲದ ನಂತರ ತನ್ನ ಎಲ್ಲ ಆಯುಧಗಳೊಂದಿಗೆ ಮತ್ತೆ ಎದ್ದು ನಿಲ್ಲುತ್ತದೆ. ಈವ್ ಆನ್‌ಲೈನ್‌ನಲ್ಲಿ ನಾಶವಾದ ನೌಕೆಯು ನಾಶವಾದಂತೆಯೇ. ಅದರಲ್ಲಿ ಅಳವಡಿಸಿದ ಸಲಕರಣೆಗಳೂ ತುಂಬಿದ ಸರಕೂ ಒಂದೊಂದಾಗಿ ಅದೃಷ್ಟಕ್ಕೆ ಬೀಳುತ್ತವೆ. ಸರಾಸರಿಯಲ್ಲಿ ಅರ್ಧದಷ್ಟು ಸುಟ್ಟುಹೋಗುತ್ತವೆ. ಉಳಿದರ್ಧ ನೌಕೆಯ ಅವಶೇಷದಲ್ಲಿ ಉಳಿಯುತ್ತವೆ. ಅವನ್ನು ಯಾರು ಬೇಕಾದರೂ ಬಾಚಿಕೊಳ್ಳಬಹುದು.

ನೌಕೆ ಸಿಡಿದಾಗ ಚಾಲಕನು ಕ್ಯಾಪ್ಸೂಲ್ ಎಂಬ ಚಿಕ್ಕ ಗೂಡಿನಲ್ಲಿ ಹೊರಬೀಳುತ್ತಾನೆ. ಆ ಗೂಡನ್ನೂ ಒಡೆದರೆ ಬೇರೊಂದು ನಿಲ್ದಾಣದಲ್ಲಿ ಕ್ಲೋನ್ ರೂಪದಲ್ಲಿ ಎಚ್ಚರಗೊಳ್ಳುತ್ತಾನೆ. ಕಲಿತ ಕೌಶಲಗಳು ಹಾಗೆಯೇ ಉಳಿಯುತ್ತವೆ. ತಲೆಯಲ್ಲಿ ಅಳವಡಿಸಿಕೊಂಡಿದ್ದ ಇಂಪ್ಲಾಂಟ್‌ಗಳು ಮಾತ್ರ ನಾಶವಾಗುತ್ತವೆ. ನೌಕೆಗೆ ವಿಮೆ ಮಾಡಿಸಬಹುದು. ಆದರೆ ವಿಮೆಯು ನೌಕೆಯ ಒಡಲಿಗೆ ಮಾತ್ರ ಅನ್ವಯಿಸುತ್ತದೆ, ಸಲಕರಣೆ ಮತ್ತು ಸರಕುಗಳಿಗೆ ಅನ್ವಯಿಸುವುದಿಲ್ಲ.

ಆಟದ ಅರ್ಥವ್ಯವಸ್ಥೆಯು ನಿಂತಿರುವುದು ಈ ನಷ್ಟದ ಮೇಲೆಯೇ. ಇಲ್ಲಿನ ಬಹುಪಾಲು ನೌಕೆಗಳನ್ನು ಆಟಗಾರರೇ ಅದಿರು ತೆಗೆದು, ಶೋಧಿಸಿ, ಕಟ್ಟಿ ಮಾರುತ್ತಾರೆ. ಒಂದು ನೌಕೆ ನಾಶವಾದರೆ ಇನ್ನೊಂದಕ್ಕೆ ಬೇಡಿಕೆ ಹುಟ್ಟುತ್ತದೆ; ಆ ಬೇಡಿಕೆಯಿಂದ ಗಣಿಗಾರನಿಗೂ ನಿರ್ಮಾಪಕನಿಗೂ ಸಾಗಣೆಗಾರನಿಗೂ ಕೆಲಸ ದೊರೆಯುತ್ತದೆ. ಏನೂ ನಾಶವಾಗದಿದ್ದರೆ ಮಾರುಕಟ್ಟೆಯಲ್ಲಿ ಸರಕು ಕೊಳೆಯುತ್ತದೆ.

ನಷ್ಟವು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ 2014ರ ಜನವರಿ 27 ಮತ್ತು 28ರಂದು ಬಿ-ಆರ್5ಆರ್‌ಬಿ ಎಂಬ ನಕ್ಷತ್ರ ವ್ಯವಸ್ಥೆಯಲ್ಲಿ ನಡೆದ ಕದನವು ಪ್ರಸಿದ್ಧ ಉದಾಹರಣೆ. ಆ ವ್ಯವಸ್ಥೆಯ ಒಡೆತನಕ್ಕಾಗಿ ಕಟ್ಟಬೇಕಾದ ಶುಲ್ಕವು ಸಕಾಲಕ್ಕೆ ಪಾವತಿಯಾಗದೆ ಹೋದುದೇ ಅದಕ್ಕೆ ಕಿಡಿ ಹೊತ್ತಿಸಿತು. ಸುಮಾರು 21 ಗಂಟೆಗಳ ಕಾಲ ನಡೆದ ಹೋರಾಟದಲ್ಲಿ ಆಟದ ಅತಿದೊಡ್ಡ ವರ್ಗದ ನೌಕೆಗಳಾದ ಟೈಟಾನ್‌ಗಳು 75 ನಾಶವಾದವು. ನಿಜವಾದ ಹಣಕ್ಕೆ ಪರಿವರ್ತಿಸಿದರೆ ಒಟ್ಟು ನಷ್ಟವು 3 ಲಕ್ಷ ಅಮೆರಿಕನ್ ಡಾಲರ್‌ಗಳಷ್ಟಾಗುತ್ತದೆಂದು ಅಂದು ಅಂದಾಜಿಸಲಾಯಿತು.

ಹೊಸಬರಿಗೆ ಅನುಭವಿಗಳು ಮೊದಲು ಹೇಳಿಕೊಡುವ ಸೂತ್ರವು ಇದರಿಂದಲೇ ಹುಟ್ಟಿದೆ: ಕಳೆದುಕೊಂಡರೂ ತಾಳಿಕೊಳ್ಳಬಲ್ಲ ನೌಕೆಯನ್ನು ಮಾತ್ರ ಹೊರಗೆ ಒಯ್ಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯ ಅರ್ಥವೂ ಇದೇ. ಕೈಯಲ್ಲಿರುವ ಹಣವನ್ನೆಲ್ಲ ಒಂದೇ ದೊಡ್ಡ ನೌಕೆಗೆ ಸುರಿದವನು ಅದು ಹೋದ ದಿನ ಬರಿಗೈಯಾಗುತ್ತಾನೆ. ಅದೇ ಹಣದಲ್ಲಿ ಹತ್ತು ಚಿಕ್ಕ ನೌಕೆಗಳನ್ನು ಕೊಂಡವನಿಗೆ ಕಲಿಯಲು ಹತ್ತು ಅವಕಾಶಗಳು ಸಿಗುತ್ತವೆ. ಏನೂ ಉಳಿಯದಿದ್ದರೂ ಆಟ ನಿಲ್ಲುವುದಿಲ್ಲ. ನಿಲ್ದಾಣಕ್ಕೆ ಮರಳಿದ ಚಾಲಕನಿಗೆ ಪ್ರಾರಂಭಿಕ ನೌಕೆಯೊಂದು ಉಚಿತವಾಗಿ ದೊರೆಯುತ್ತದೆ.

ಭದ್ರತಾ ವಲಯಗಳು

ಪ್ರತಿಯೊಂದು ನಕ್ಷತ್ರ ವ್ಯವಸ್ಥೆಗೂ 1.0ರಿಂದ -1.0ರವರೆಗಿನ ಭದ್ರತಾ ಅಂಕವಿರುತ್ತದೆ. ಹೊಸಬರು ಮೊದಲು ಓದಲು ಕಲಿಯಬೇಕಾದ ಸಂಖ್ಯೆ ಇದು.

ಅಂಕವು 0.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಉನ್ನತ ಭದ್ರತೆಯ ವಲಯ. ಇಲ್ಲಿ ಕಾರಣವಿಲ್ಲದೆ ಇನ್ನೊಬ್ಬರ ಮೇಲೆ ಗುಂಡು ಹಾರಿಸಿದವರ ನೌಕೆಯನ್ನು ಕಾಂಕಾರ್ಡ್ ಎಂಬ ಪೊಲೀಸ್ ಪಡೆಯು ತಪ್ಪದೆ ನಾಶಮಾಡುತ್ತದೆ. ಆದರೆ ಕಾಂಕಾರ್ಡ್ ಶಿಕ್ಷಿಸುತ್ತದೆಯೇ ಹೊರತು ರಕ್ಷಿಸುವುದಿಲ್ಲ. ಅದು ಬರುವುದಕ್ಕೆ ಕೆಲವು ಸೆಕೆಂಡುಗಳು ಹಿಡಿಯುತ್ತವೆ, 1.0 ಅಂಕದ ಸ್ಥಳಕ್ಕಿಂತ 0.5 ಅಂಕದ ಸ್ಥಳದಲ್ಲಿ ಈ ಅವಧಿ ದೀರ್ಘ. ಆ ಅಂತರದಲ್ಲಿಯೇ ಬೇಟೆಯನ್ನು ಮುಗಿಸಿ, ತಮ್ಮ ಅಗ್ಗದ ನೌಕೆಗಳನ್ನು ಬಲಿಕೊಟ್ಟು, ಸಂಗಡಿಗನ ಮೂಲಕ ಬೆಲೆಬಾಳುವ ಸರಕನ್ನು ಎತ್ತಿಕೊಂಡು ಹೋಗುವ ಗುಂಪುಗಳಿವೆ. ಆಟದ ಪ್ರಮುಖ ವ್ಯಾಪಾರ ಕೇಂದ್ರವಾದ ಜೀಟಾದ ಸುತ್ತಲಿನ ಮಾರ್ಗಗಳಲ್ಲಿ ಇಂಥ ದಾಳಿಗಳು ಸಾಮಾನ್ಯ. ನೌಕೆಯನ್ನು ನಾಶಮಾಡಲು ತಗಲುವ ವೆಚ್ಚಕ್ಕಿಂತ ಒಳಗಿರುವ ಸರಕಿನ ಬೆಲೆ ಹೆಚ್ಚಾದಾಗ ಅದು ಬೇಟೆಗೆ ಯೋಗ್ಯವಾಗುತ್ತದೆ. ಆದುದರಿಂದ ಸರಕನ್ನು ಹಲವು ಸುತ್ತುಗಳಲ್ಲಿ ಹಂಚಿ ಸಾಗಿಸುವುದು ಕ್ಷೇಮಕರ.

ಅಂಕವು 0.1ರಿಂದ 0.4ರವರೆಗೆ ಇದ್ದರೆ ಅದು ಕೆಳ ಭದ್ರತೆಯ ವಲಯ. ಇಲ್ಲಿಗೆ ಕಾಂಕಾರ್ಡ್ ಬರುವುದಿಲ್ಲ. ದ್ವಾರಗಳ ಮತ್ತು ನಿಲ್ದಾಣಗಳ ಬಳಿ ಇರುವ ಕಾವಲು ತುಪಾಕಿಗಳು ಮಾತ್ರ ಅಕ್ರಮವಾಗಿ ದಾಳಿ ಮಾಡಿದವರ ಮೇಲೆ ಗುಂಡು ಹಾರಿಸುತ್ತವೆ. ಅಂಕವು 0.0 ಅಥವಾ ಅದಕ್ಕಿಂತ ಕಡಿಮೆಯಾದರೆ ಯಾವ ಪೊಲೀಸ್ ಪಡೆಯೂ ಇಲ್ಲ. ಅಲ್ಲಿನ ಬಹುಪಾಲು ಪ್ರದೇಶವನ್ನು ಆಟಗಾರರ ಮೈತ್ರಿಕೂಟಗಳೇ ಆಳುತ್ತವೆ. ಇವುಗಳ ಜೊತೆಗೆ 2009ರಲ್ಲಿ ಸೇರ್ಪಡೆಯಾದ ವರ್ಮ್‌ಹೋಲ್ ಪ್ರದೇಶವಿದೆ. ಬೇರೆಡೆಗಳಲ್ಲಿ ಆ ವ್ಯವಸ್ಥೆಯಲ್ಲಿರುವ ಎಲ್ಲ ಚಾಲಕರ ಹೆಸರುಗಳೂ ಸ್ಥಳೀಯ ಸಂಭಾಷಣೆಯ ಪಟ್ಟಿಯಲ್ಲಿ ಕಾಣುತ್ತವೆ. ವರ್ಮ್‌ಹೋಲ್ ಪ್ರದೇಶದಲ್ಲಿ ಮಾತನಾಡದವನ ಹೆಸರು ಕಾಣುವುದಿಲ್ಲ.

ಪ್ರಯಾಣದ ಸಮಯದಲ್ಲಿ ಕೆಲವು ಸರಳ ಅಭ್ಯಾಸಗಳು ನೌಕೆಯನ್ನು ಉಳಿಸುತ್ತವೆ. ಮಾರ್ಗವನ್ನು ಗುರುತಿಸುವಾಗ ಸುರಕ್ಷಿತ ಹಾದಿಗೆ ಆದ್ಯತೆ ನೀಡುವ ಆಯ್ಕೆಯನ್ನು ಬಳಸಬೇಕು. ಹಿಂದಿನ ಗಂಟೆಯಲ್ಲಿ ಎಲ್ಲಿ ಎಷ್ಟು ನೌಕೆಗಳು ನಾಶವಾದವು ಎಂಬುದನ್ನು ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಸ್ವಯಂಚಾಲಿತ ಪ್ರಯಾಣವನ್ನು ನೆಚ್ಚಬಾರದು. ಅದು ನೌಕೆಯನ್ನು ದ್ವಾರದಿಂದ ಕೆಲವು ಕಿಲೋಮೀಟರ್ ದೂರದಲ್ಲಿ ನಿಲ್ಲಿಸಿ, ಅಲ್ಲಿಂದ ನಿಧಾನವಾಗಿ ತೆವಳಿಸುತ್ತದೆ. ದ್ವಾರವನ್ನು ದಾಟಿದ ನೌಕೆಯು ಕದಲದಿದ್ದರೆ ಒಂದು ನಿಮಿಷದವರೆಗೆ ಇತರರ ಕಣ್ಣಿಗೆ ಕಾಣುವುದಿಲ್ಲ. ಆ ನಿಮಿಷವನ್ನು ಸುತ್ತಮುತ್ತ ಯಾರಿದ್ದಾರೆಂದು ನೋಡಿ ಮುಂದಿನ ಹೆಜ್ಜೆಯನ್ನು ನಿರ್ಧರಿಸಲು ಬಳಸಿಕೊಳ್ಳಬೇಕು.

ಆಟದಲ್ಲಿ ಹಸಿರು, ಹಳದಿ ಮತ್ತು ಕೆಂಪು ಎಂಬ ಮೂರು ಹಂತಗಳ ಸುರಕ್ಷಾ ಗುಂಡಿಯೊಂದಿದೆ. ಅದು ಹಸಿರಿನಲ್ಲಿರುವವರೆಗೆ, ಪೊಲೀಸರ ದಂಡನೆಗೆ ಅಥವಾ ಎಲ್ಲರ ದಾಳಿಗೆ ಗುರಿಮಾಡುವಂಥ ಕೃತ್ಯಗಳನ್ನು ಆಟಗಾರನು ಅರಿಯದೆ ಮಾಡದಂತೆ ಆಟವೇ ತಡೆಯುತ್ತದೆ. ಇನ್ನೊಬ್ಬರಿಗೆ ಸೇರಿದ ಪೆಟ್ಟಿಗೆಯಿಂದ ವಸ್ತುವನ್ನು ಎತ್ತಿಕೊಳ್ಳುವುದೂ ಅಂಥ ಕೃತ್ಯಗಳಲ್ಲಿ ಒಂದು. ಹೊಸಬರು ಈ ಗುಂಡಿಯನ್ನು ಹಸಿರಿನಲ್ಲಿಯೇ ಇಟ್ಟುಕೊಳ್ಳಬೇಕು. ಅದನ್ನು ಬದಲಿಸುವಂತೆ ಅಪರಿಚಿತರು ಹೇಳಿದರೆ ಅದನ್ನೇ ಅಪಾಯದ ಸೂಚನೆಯೆಂದು ತಿಳಿಯಬೇಕು.

ಮೊದಲ ದಿನಗಳು

ಪ್ರಾರಂಭದ ಪಾಠಗಳು ಮುಗಿದ ನಂತರ ವೃತ್ತಿ ಮಾರ್ಗದರ್ಶಕರೆಂಬ ಪಾತ್ರಗಳು ಹೊಸಬರಿಗೆ ಚಿಕ್ಕ ಚಿಕ್ಕ ಕಾರ್ಯಗಳನ್ನು ಕೊಡುತ್ತವೆ. ಯುದ್ಧ, ಅನ್ವೇಷಣೆ, ಗಣಿಗಾರಿಕೆ, ಉತ್ಪಾದನೆ ಇತ್ಯಾದಿ ಕಸುಬುಗಳ ಪರಿಚಯ ಇದರಿಂದ ಆಗುತ್ತದೆ. ಜೊತೆಗೆ ಸ್ವಲ್ಪ ಹಣವೂ ಕೆಲವು ನೌಕೆಗಳೂ ದೊರೆಯುತ್ತವೆ. ಯಾವ ಕಸುಬು ತನಗೆ ಹಿಡಿಸುತ್ತದೆಂದು ತಿಳಿಯುವ ಮೊದಲು ಇವುಗಳನ್ನೆಲ್ಲ ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಇಲ್ಲಿ ಕೌಶಲಗಳು ಶತ್ರುಗಳನ್ನು ಕೊಂದ ಲೆಕ್ಕದ ಮೇಲೆ ಬೆಳೆಯುವುದಿಲ್ಲ. ಕಲಿಯಬೇಕಾದ ಕೌಶಲಗಳನ್ನು ಸಾಲಾಗಿ ಜೋಡಿಸಿಟ್ಟರೆ, ಆಟಗಾರನು ಮಲಗಿದ್ದರೂ ಶಾಲೆಯಲ್ಲಿದ್ದರೂ ಅವು ಗಡಿಯಾರದ ಲೆಕ್ಕದಲ್ಲಿ ಬೆಳೆಯುತ್ತಲೇ ಇರುತ್ತವೆ. ಪ್ರತಿಯೊಂದು ಕೌಶಲಕ್ಕೂ ಐದು ಹಂತಗಳಿವೆ. ಎರಡನೆಯ ಹಂತದಿಂದಾಚೆಗೆ ಪ್ರತಿ ಹಂತವನ್ನು ಮುಟ್ಟಲು ಬೇಕಾಗುವ ಒಟ್ಟು ಅಂಕಗಳು ಹಿಂದಿನದಕ್ಕಿಂತ 5 ಪಟ್ಟಿಗೂ ಹೆಚ್ಚು: ಮೂರನೆಯ ಹಂತಕ್ಕೆ 8,000 ಅಂಕಗಳು ಸಾಕಾಗುವ ಕೌಶಲಕ್ಕೆ ಐದನೆಯ ಹಂತದಲ್ಲಿ 2,56,000 ಅಂಕಗಳು ಬೇಕು. ಕೊನೆಯ ಹಂತಕ್ಕಾಗಿ ವಾರಗಟ್ಟಲೆ ಕಾಯುವ ಬದಲು ಉಪಯುಕ್ತವಾದ ಹಲವು ಕೌಶಲಗಳನ್ನು ಮೂರು ಅಥವಾ ನಾಲ್ಕನೆಯ ಹಂತಕ್ಕೆ ತಂದುಕೊಂಡರೆ ಹೊಸಬರು ಬೇಗ ಕೆಲಸಕ್ಕೆ ಬರುತ್ತಾರೆ. ನೌಕೆ ನಡೆಸುವ ಕೌಶಲಕ್ಕಿಂತ ಅದರ ಕವಚ, ವಿದ್ಯುಚ್ಛಕ್ತಿ, ಆಯುಧ ಮುಂತಾದ ಪೋಷಕ ಕೌಶಲಗಳಿಗೆ ಮೊದಲು ಗಮನ ಕೊಡಬೇಕು. ಇವಿಲ್ಲದವನು ದೊಡ್ಡ ನೌಕೆಯನ್ನು ಏರಿದರೂ ಅದರ ಬಲವನ್ನು ಬಳಸಲಾರ.

ಚಿಕ್ಕ ನೌಕೆಗಳಾದ ಫ್ರಿಗೇಟ್‌ಗಳು ಅಗ್ಗವೂ ವೇಗವುಳ್ಳವೂ ಆಗಿವೆ. ದೊಡ್ಡ ಫಿರಂಗಿಗಳು ಅವುಗಳನ್ನು ಗುರಿ ಹಿಡಿಯಲು ತಡಕಾಡುತ್ತವೆ. ಗುಂಪು ಕದನಗಳಲ್ಲಿ ಶತ್ರುವಿನ ನೌಕೆಯು ಓಡಿಹೋಗದಂತೆ ಹಿಡಿದಿಡುವ ಕೆಲಸವನ್ನು ಫ್ರಿಗೇಟ್ ನಡೆಸುವ ಹೊಸಬನೇ ನಿರ್ವಹಿಸಬಲ್ಲ. ಹೀಗಾಗಿ ವಾರದ ಹಿಂದೆ ಸೇರಿದವನಿಗೂ ಹತ್ತು ವರ್ಷದ ಅನುಭವಿಯ ಪಕ್ಕದಲ್ಲಿ ಪ್ರಯೋಜನಕರವಾದ ಸ್ಥಾನವಿದೆ. ನೌಕೆಯನ್ನು ಕಳೆದುಕೊಂಡಾಗ ಆಟವು ಅದರ ವರದಿಯೊಂದನ್ನು ನೀಡುತ್ತದೆ. ಯಾರು, ಯಾವ ಆಯುಧದಿಂದ, ಎಷ್ಟು ಹಾನಿ ಮಾಡಿದರು ಎಂಬುದು ಅದರಲ್ಲಿರುತ್ತದೆ. ಅದನ್ನು ಓದಿ ಸೋಲಿನ ಕಾರಣವನ್ನು ಹುಡುಕುವುದು ಹೊಸಬರಿಗೆ ದೊರೆಯುವ ಉತ್ತಮ ಪಾಠಗಳಲ್ಲಿ ಒಂದು.

ವಂಚನೆ ಮತ್ತು ನಂಬಿಕೆ

ಈವ್ ಆನ್‌ಲೈನ್‌ನಲ್ಲಿ ಆಟದೊಳಗಿನ ವಂಚನೆಗೆ ಬಹುಮಟ್ಟಿಗೆ ನಿಷೇಧವಿಲ್ಲ. ಜೀಟಾದ ಸಂಭಾಷಣೆಯ ಪಟ್ಟಿಯಲ್ಲಿ, ಕಳುಹಿಸಿದ ಹಣವನ್ನು ಇಮ್ಮಡಿ ಮಾಡಿ ಹಿಂದಿರುಗಿಸುತ್ತೇವೆಂಬ ಪ್ರಕಟಣೆಗಳು ಓಡುತ್ತಲೇ ಇರುತ್ತವೆ. ಚಿಕ್ಕ ಮೊತ್ತವನ್ನು ಕೆಲವೊಮ್ಮೆ ನಿಜವಾಗಿಯೂ ಇಮ್ಮಡಿಸಿ ಕೊಟ್ಟು ನಂಬಿಕೆ ಹುಟ್ಟಿಸುತ್ತಾರೆ. ದೊಡ್ಡ ಮೊತ್ತ ಮರಳುವುದಿಲ್ಲ. ಒಪ್ಪಂದದ ಪತ್ರದಲ್ಲಿ ಒಂದು ಸೊನ್ನೆಯನ್ನು ಹೆಚ್ಚಿಸುವುದು, ಹೆಸರಿನಲ್ಲಿ ಹೋಲುವ ಅಗ್ಗದ ವಸ್ತುವನ್ನು ದುಬಾರಿ ಬೆಲೆಗೆ ಮಾರುವುದು ಸಹ ಸಾಮಾನ್ಯ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಎಚ್ಚರದಿಂದ ಪ್ರತಿ ಒಪ್ಪಂದದ ವಸ್ತು, ಸಂಖ್ಯೆ, ಬೆಲೆ ಮತ್ತು ಸ್ಥಳಗಳನ್ನು ಓದಿದ ನಂತರವೇ ಒಪ್ಪಿಗೆ ಕೊಡಬೇಕು.

ಈ ಸ್ವಾತಂತ್ರ್ಯಕ್ಕೆ ಎಲ್ಲೆಗಳಿವೆ. ಹೊಸಬರು ಆಟವನ್ನು ಪ್ರಾರಂಭಿಸುವ ನಕ್ಷತ್ರ ವ್ಯವಸ್ಥೆಗಳಲ್ಲಿ ಅವರನ್ನು ಪೀಡಿಸುವುದು ನಿಯಮಬಾಹಿರ. ನಿಜಜೀವನದಲ್ಲಿ ಬೆದರಿಸುವುದು, ಖಾತೆಯನ್ನು ಕದಿಯುವುದು, ಆಟದ ಹಣವನ್ನು ನಿಜವಾದ ಹಣಕ್ಕೆ ಮಾರುವುದು ಇವು ಖಾತೆಯನ್ನೇ ಕಳೆದುಕೊಳ್ಳುವಂಥ ಅಪರಾಧಗಳು. 2009ರಲ್ಲಿ ಆಟಗಾರರೇ ಕಟ್ಟಿದ ಈಬ್ಯಾಂಕ್ ಎಂಬ ಆಟದೊಳಗಿನ ಬ್ಯಾಂಕಿನ ಮುಖ್ಯಸ್ಥನು ಠೇವಣಿದಾರರ ಅಪಾರ ಹಣವನ್ನು ಎತ್ತಿಕೊಂಡು ಹೊರಗೆ ನಿಜವಾದ ಹಣಕ್ಕೆ ಮಾರಿದನು. ಸಂಸ್ಥೆಯು ಅವನನ್ನು ಹೊರಹಾಕಿದ್ದು ಹೊರಗೆ ಮಾರಿದ ಕಾರಣಕ್ಕೆ. ಬ್ಯಾಂಕನ್ನು ದೋಚಿದ್ದು ನಿಯಮದ ಉಲ್ಲಂಘನೆಯಾಗಿರಲಿಲ್ಲ. ಆಟದೊಳಗಿನ ಮೋಸದಲ್ಲಿ ಕಳೆದುಕೊಂಡದ್ದನ್ನು ಸಂಸ್ಥೆಯು ಮರಳಿಸುವುದಿಲ್ಲ ಎಂಬುದು ಹೊಸಬರಿಗೆ ತಿಳಿದಿರಬೇಕು.

ಕೂಟಗಳು

ವಂಚನೆಗೆ ಇಷ್ಟು ಅವಕಾಶವಿರುವ ಲೋಕದಲ್ಲಿ ನಂಬಿಕೆಯು ಬೆಲೆಯುಳ್ಳದ್ದಾಗುತ್ತದೆ. ಆಟಗಾರರು ಕಾರ್ಪೊರೇಷನ್ ಎಂಬ ಕೂಟಗಳನ್ನು ಕಟ್ಟಿಕೊಳ್ಳುತ್ತಾರೆ. ಹಲವು ಕೂಟಗಳು ಸೇರಿ ಮೈತ್ರಿಕೂಟವಾಗುತ್ತದೆ. ಹೊಸಬರಿಗೆಂದೇ ಮೀಸಲಾದ ಕೂಟಗಳೂ ಇವೆ. 2004ರಲ್ಲಿ ಆಟಗಾರರು ಸ್ಥಾಪಿಸಿದ ಈವ್ ಯೂನಿವರ್ಸಿಟಿಯು ತರಗತಿಗಳನ್ನು ನಡೆಸುತ್ತದೆ. ಅದು ಸಿದ್ಧಪಡಿಸಿದ ಕಲಿಕೆಯ ಬರಹಗಳನ್ನು ಯಾರು ಬೇಕಾದರೂ ಓದಬಹುದು. ಕೆಲವು ದೊಡ್ಡ ಕೂಟಗಳು ಹೊಸಬರಿಗೆ ಉಚಿತವಾಗಿ ಫ್ರಿಗೇಟ್‌ಗಳನ್ನು ಕೊಡುತ್ತವೆ ಮತ್ತು ಕೂಟದ ಪರವಾಗಿ ಹೋರಾಡುವಾಗ ನಾಶವಾದ ನೌಕೆಯ ಬೆಲೆಯನ್ನು ತುಂಬಿಕೊಡುತ್ತವೆ.

ಕೂಟವನ್ನು ಆರಿಸುವಾಗ ಅದರ ಸದಸ್ಯರು ಯಾವ ಹೊತ್ತಿನಲ್ಲಿ ಆಡುತ್ತಾರೆ ಎಂಬುದನ್ನು ವಿಚಾರಿಸಬೇಕು. ಯುರೋಪಿನ ಸಂಜೆಯು ಭಾರತದಲ್ಲಿ ತಡರಾತ್ರಿಯಾಗುವುದರಿಂದ, ಅಂಥ ಕೂಟವನ್ನು ಸೇರಿದ ವಿದ್ಯಾರ್ಥಿಯು ನಿದ್ರೆಗೆಡಬೇಕಾಗುತ್ತದೆ. ಆಸ್ಟ್ರೇಲಿಯಾ ಮತ್ತು ಪೂರ್ವ ಏಷ್ಯಾದ ಸಮಯಕ್ಕೆ ಹೊಂದುವ ಕೂಟಗಳು ಭಾರತದವರಿಗೆ ಹೆಚ್ಚು ಅನುಕೂಲ. ಸೇರಿಸಿಕೊಳ್ಳಲು ಶುಲ್ಕ ಕೇಳುವ ಅಥವಾ ಆಸ್ತಿಯನ್ನೆಲ್ಲ ಮೊದಲೇ ಒಪ್ಪಿಸುವಂತೆ ಹೇಳುವ ಕೂಟದಿಂದ ದೂರವಿರಬೇಕು. ಹೆಸರಾಂತ ಕೂಟದ ಸದಸ್ಯನೆಂದು ಹೇಳಿಕೊಂಡು ಬರುವ ವಂಚಕರೂ ಇರುವುದರಿಂದ, ಆಟದೊಳಗಿನ ಪರಿಚಯ ಪತ್ರದಲ್ಲಿ ಆ ವ್ಯಕ್ತಿಯ ಕೂಟದ ಹೆಸರನ್ನು ಪರಿಶೀಲಿಸಬೇಕು.

ಹಣ, ಕಾಲ ಮತ್ತು ಖಾತೆಯ ಸುರಕ್ಷತೆ

2016ರ ನವೆಂಬರ್‌ನಿಂದ ಆಟವನ್ನು ಉಚಿತವಾಗಿಯೂ ಆಡಬಹುದಾಗಿದೆ. ಉಚಿತ ಖಾತೆಗೆ ಆಲ್ಫಾ ಎಂದೂ ಚಂದಾ ಕಟ್ಟಿದ ಖಾತೆಗೆ ಒಮೆಗಾ ಎಂದೂ ಹೆಸರು. ಆಲ್ಫಾ ಖಾತೆಯಲ್ಲಿ ಬಳಸಬಹುದಾದ ಕೌಶಲಗಳಿಗೂ ನೌಕೆಗಳಿಗೂ ಮಿತಿಯಿದೆ. ಆದರೂ ಆಟವು ತನಗೆ ಒಗ್ಗುವುದೇ ಎಂದು ತಿಳಿಯಲು ಅದು ಸಾಕಾಗುತ್ತದೆ. ಪ್ಲೆಕ್ಸ್ ಎಂಬ ವಸ್ತುವನ್ನು ನಿಜವಾದ ಹಣಕ್ಕೆ ಕೊಂಡು ಆಟದ ಮಾರುಕಟ್ಟೆಯಲ್ಲಿ ಐಎಸ್‌ಕೆಗೆ ಮಾರಬಹುದು, ಅಥವಾ ಐಎಸ್‌ಕೆ ಕೊಟ್ಟು ಪ್ಲೆಕ್ಸ್ ಕೊಂಡು ಚಂದಾ ತುಂಬಬಹುದು. ಪ್ರಾರಂಭದಲ್ಲಿಯೇ ನಿಜವಾದ ಹಣ ಸುರಿದು ದೊಡ್ಡ ನೌಕೆಯನ್ನು ಕೊಳ್ಳುವ ಆಸೆ ಹೊಸಬರಿಗೆ ಸಹಜ. ಹಾಗೆ ಕೊಂಡ ನೌಕೆಯನ್ನು ನಡೆಸುವ ಅನುಭವವನ್ನು ಹಣದಿಂದ ಕೊಳ್ಳಲಾಗುವುದಿಲ್ಲ. ನೌಕೆ ನಾಶವಾದರೆ ಆ ಹಣವೂ ಅದರೊಂದಿಗೆ ಹೋದಂತೆಯೇ.

ಖಾತೆಗೆ ಬೇರೆಲ್ಲಿಯೂ ಬಳಸದ ಗುಪ್ತಪದವನ್ನು ಇಟ್ಟು ಎರಡು ಹಂತದ ದೃಢೀಕರಣವನ್ನು ಅಳವಡಿಸಿಕೊಳ್ಳಬೇಕು. ಗುಪ್ತಪದವನ್ನು ಕೂಟದ ನಾಯಕನಿಗೂ ಹೇಳಬಾರದು. ನಿಜವಾದ ಹೆಸರು, ವಿಳಾಸ, ಶಾಲೆ, ದೂರವಾಣಿ ಸಂಖ್ಯೆಗಳನ್ನು ಸಂಭಾಷಣೆಯಲ್ಲಿ ಬಿಟ್ಟುಕೊಡಬಾರದು. ಹೊರಗಿನವರು ಅಗ್ಗದ ಬೆಲೆಗೆ ಮಾರುವ ಐಎಸ್‌ಕೆಯನ್ನು ಕೊಂಡವರೂ ಶಿಕ್ಷೆಗೆ ಗುರಿಯಾಗುತ್ತಾರೆ.

ಕಾಲದ ವಿಷಯದಲ್ಲಿ ಈ ಆಟದ ರಚನೆಯೇ ಒಂದು ಅನುಕೂಲವನ್ನು ಒದಗಿಸಿದೆ. ಕೌಶಲಗಳು ತಾವಾಗಿಯೇ ಬೆಳೆಯುವುದರಿಂದ, ಅವುಗಳಿಗಾಗಿ ಪರದೆಯ ಮುಂದೆ ಕುಳಿತಿರಬೇಕಾಗಿಲ್ಲ. ಪರೀಕ್ಷೆಯ ದಿನಗಳಲ್ಲಿ ಕೌಶಲಗಳ ಸಾಲನ್ನು ತುಂಬಿಸಿಟ್ಟು ಆಟದಿಂದ ದೂರ ಉಳಿಯಬಹುದು. ಇನ್ನೊಂದು ಕಡೆ, ದೊಡ್ಡ ಕದನಗಳು ಗಂಟೆಗಟ್ಟಲೆ ಎಳೆಯುತ್ತವೆ. ನಡುವೆ ಎದ್ದುಹೋಗುವುದು ಸಂಗಡಿಗರ ದೃಷ್ಟಿಯಿಂದ ಕಷ್ಟವಾಗುತ್ತದೆ. ಹೊಸಬರು ಎಷ್ಟು ಹೊತ್ತು ಇರಬಲ್ಲೆವೆಂಬುದನ್ನು ತಂಡದ ನಾಯಕನಿಗೆ ಮೊದಲೇ ತಿಳಿಸುವುದು ಶಿಷ್ಟಾಚಾರವೂ ಹೌದು, ಕ್ಷೇಮವೂ ಹೌದು. ಆಟದ ಮೇಲಿನ ಹತೋಟಿ ತಪ್ಪಿ ಓದು, ನಿದ್ರೆ, ಸಂಬಂಧಗಳಿಗೆ ದೀರ್ಘಕಾಲ ಧಕ್ಕೆಯಾಗುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಒಂದು ವ್ಯಾಧಿಯಾಗಿ ಗುರುತಿಸಿದೆ.

ಪ್ರಾಜೆಕ್ಟ್ ಡಿಸ್ಕವರಿ

ಹೊಸಬರು ಮೊದಲ ದಿನಗಳಿಂದಲೇ, ಯಾವ ನೌಕೆಯನ್ನೂ ಅಪಾಯಕ್ಕೆ ಒಡ್ಡದೆ ಭಾಗವಹಿಸಬಹುದಾದ ಕೆಲಸವೊಂದು ಆಟದಲ್ಲಿದೆ. 2016ರಲ್ಲಿ ಪ್ರಾರಂಭವಾದ ಪ್ರಾಜೆಕ್ಟ್ ಡಿಸ್ಕವರಿಯಲ್ಲಿ ಆಟಗಾರರು ನಿಜವಾದ ವೈಜ್ಞಾನಿಕ ದತ್ತಾಂಶವನ್ನು ವಿಂಗಡಿಸುತ್ತಾರೆ. ಮೊದಲ ಹಂತದಲ್ಲಿ ಮಾನವ ಪ್ರೋಟೀನ್ ಅಟ್ಲಾಸ್ ಯೋಜನೆಯ ಜೀವಕೋಶಗಳ ಚಿತ್ರಗಳನ್ನು ಗುರುತಿಸಲಾಯಿತು. ಅದರ ಫಲಿತಾಂಶವು 2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. 2017ರಲ್ಲಿ ಸೌರಮಂಡಲದ ಹೊರಗಿನ ಗ್ರಹಗಳನ್ನು ಹುಡುಕುವ ಕೆಲಸವನ್ನು ಜಿನೀವಾ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಕೈಗೊಳ್ಳಲಾಯಿತು. 2020ರಲ್ಲಿ ಕೋವಿಡ್-19 ಸಂಶೋಧನೆಗೆ ಸಂಬಂಧಿಸಿದ ರಕ್ತಕಣಗಳ ದತ್ತಾಂಶವನ್ನು ಸೇರಿಸಲಾಯಿತು. ಈ ಕೆಲಸಕ್ಕೆ ಪ್ರತಿಫಲವಾಗಿ ಐಎಸ್‌ಕೆ ದೊರೆಯುತ್ತದೆ. ಮೊದಲ ನೌಕೆಯನ್ನು ಕಳೆದುಕೊಂಡವರು ಮುಂದಿನ ಫ್ರಿಗೇಟ್‌ಗೆ ಬೇಕಾದ ಹಣವನ್ನು ನಿಲ್ದಾಣದಲ್ಲಿಯೇ ಕುಳಿತು ಇದರಿಂದ ಕೂಡಿಸಿಕೊಳ್ಳಬಹುದು.